ಬೀಳಿಸಿ ನೋಡಿದ್ದು

ಬೈಕಿನ ವಿಷಯ ಗೊತ್ತಿರುವವನೆಂದು
ತಂಗಿ ನನ್ನನ್ನು ಜೊತೆಗೆ ಕರೆದಿದ್ದಳು.
ಮಸೇರುವಿನಲ್ಲಿ ಹದಿನಾಲ್ಕು ವರ್ಷ, ಜೀನ್ಸ್ ಹೊಲಿಯುವ ಫ್ಯಾಕ್ಟರಿ.
ಗೊತ್ತಿರುವುದೆಂದರೆ, ಊಟದ ಬಿಡುವಿನಲ್ಲಿ
ಈ ಅಂಗಡಿಯ ಗಾಜಿನಾಚೆ ನಿಂತು ನೋಡಿದ್ದಷ್ಟೆ.
ಅದನ್ನು ಅವಳಿಗೆ ಹೇಳಲಿಲ್ಲ.

ಶನಿವಾರ. ಒಳಗೆ ಹೊಸ ರಬ್ಬರಿನ ವಾಸನೆ.
ನೇರ ಹೋಗಿ ಕೆಂಪನೆಯದರ ಮುಂದೆ ನಿಂತೆ,
ಆರುನೂರೈವತ್ತು ಸಿಸಿ.
ಇದಕ್ಕೆ ಲಾರಿಯೂ ದಾರಿ ಬಿಡುತ್ತೆ, ಎಂದೆ.
ನ್ಥಾತಿಸಿ ಹತ್ತಿ ಕೂತಳು. ಎರಡೂ ಕಾಲು ಗಾಳಿಯಲ್ಲಿ,
ಕಟ್ಟೆಯ ಮೇಲೆ ಕೂರಿಸಿದ ಮಗುವಿನ ಹಾಗೆ.
ಇಳಿದಳು. ಕೆಂಪಿನ ಮಾತು ಅಲ್ಲಿಗೆ ಮುಗಿಯಿತು,
ಅವಳ ಪಾಲಿಗೆ.

ಬೆಳಿಗ್ಗೆ ಅವಳಿಗೆ ಮೂವತ್ತೊಂದು ಕಿಲೋಮೀಟರು ಡಾಂಬರು,
ಥಾಬಾ-ತ್ಸೆಕಾದ ಪಶು ಕಚೇರಿಗೆ,
ಬೆನ್ನಿಗೆ ಅಂಟಿಕೊಂಡು ಬರುವ ಮಿನಿಬಸ್ಸು.
ಹತ್ತಕ್ಕೆ ಲಸಿಕೆಯ ಪೆಟ್ಟಿಗೆ, ಮಂಜುಗಡ್ಡೆ, ಸೂಜಿ.
ಆಮೇಲೆ ದಾರಿಯೆಂದು ಯಾರೂ ಕರೆಯದ ಕಡೆ:
ಕತ್ತೆ ತುಳಿದದ್ದು, ಹೊಳೆ ಕೊಚ್ಚಿದ್ದು,
ಜುಲೈನಲ್ಲಿ ಹಿಮ ಮುಚ್ಚಿ ಇಲ್ಲವೇ ಆಗಿಬಿಡುವುದು.
ಎತ್ತು ಏರಿಗೆ, ಕೋಣ ನೀರಿಗೆ.
ಡಾಂಬರು ಕೇಳುವ ಟೈರೇ ಬೇರೆ, ಕಲ್ಲು ಕೇಳುವುದೇ ಬೇರೆ.
ಒಂದೇ ಗಾಡಿ ಇಬ್ಬರಿಗೂ ಸಮಾಧಾನ ಹೇಳಬೇಕು,
ಯಾರನ್ನೂ ಪೂರ್ತಿ ಮೆಚ್ಚಿಸದೆ.

ಅಂಗಡಿಯ ಮೊಖೆಲೆ ಇಷ್ಟು ಕುದುರೆ ಬಲ, ಅಷ್ಟು ಕುದುರೆ ಬಲ ಎನ್ನುತ್ತಿದ್ದ.
ಅವಳು ನಿಜದ ಕುದುರೆ ಕೊಳ್ಳುವವಳ ಹಾಗೆ
ಮಂಡಿಯೂರಿ ಹೊಟ್ಟೆಯಡಿ ನೋಡುತ್ತಿದ್ದಳು.
ಎಣ್ಣೆ ಇಳಿಸುವ ಬೋಲ್ಟಿಗೆ ಕಲ್ಲು ಬಡಿಯೋದಿಲ್ಲವಾ?
ಟ್ಯೂಬು ನಾನೇ ಬಿಚ್ಚಬಹುದಾ?
ಕಂಬಳಿಯ ಅಂಚು ಚೈನಿಗೆ ಸಿಕ್ಕರೆ?
ಹೋದ ಚಳಿಗಾಲ ಸಿಕ್ಕಿತ್ತು, ಯಾರದೋ ಬೈಕಿನಲ್ಲಿ;
ಎದೆಯ ಪಿನ್ನು ಕಿತ್ತುಬಂದದ್ದಕ್ಕೆ ಕತ್ತು ಉಳಿಯಿತು, ಎಂದಳು.
ಅಣ್ಣನಾದ ನಾನು ಅದನ್ನು ಅಲ್ಲೇ ಮೊದಲ ಸಲ ಕೇಳಿದ್ದು.

ಮೂಲೆಯಲ್ಲೊಂದು ಬಿಳಿ, ಹೊಲದ ಬೈಕು.
ಚೈನಿಗೆ ಪೂರ್ತಿ ಕವಚ, ಎರಡೂ ಬದಿಗೆ ಸ್ಟ್ಯಾಂಡು, ತಗ್ಗಿನ ಸೀಟು.
ಅದರ ಮೇಲೆ ಬಹಳ ಹೊತ್ತು ಕೂತಿದ್ದಳು.
ಎಂಬತ್ತು ದಾಟಿದರೆ ನಡುಗುತ್ತೆ, ಎಂದ ಮೊಖೆಲೆ, ಪಾಪ, ಪ್ರಾಮಾಣಿಕ.
ಮಿನಿಬಸ್ಸು ನೆನಪಾಯಿತೇನೋ. ಇಳಿದಳು.

ಕೊನೆಗೆ ಬೂದು ಬಣ್ಣದ ಇನ್ನೂರೈವತ್ತು.
ಒಂದು ಪಾದ ಪೂರ್ತಿ, ಇನ್ನೊಂದರ ಬೆರಳ ತುದಿ ನೆಲಕ್ಕೆ ಸಿಕ್ಕಿತು.
ಹಿತ್ತಲಿಗೆ ತಳ್ಳಿಕೊಂಡು ಹೋದಳು.
ಸ್ಟಾರ್ಟ್ ಮಾಡಿ ಸದ್ದು ಕೇಳುತ್ತಾಳೆ ಎಂದುಕೊಂಡೆವು.
ಹ್ಯಾಂಡಲ್ ಒಂದಿಷ್ಟು ತಿರುಗಿಸಿ, ನಿಧಾನ,
ಮಲಗಿಸಿಬಿಟ್ಟಳು ಮಣ್ಣಿನ ಮೇಲೆ.

ಗೀರು ಬೀಳುತ್ತಮ್ಮಾ! ಮೊಖೆಲೆ ಓಡಿಬಂದ.
ಗಾಡಿಯೇ ಬೀಳುತ್ತೆ, ಎಂದಳು.
ಬೀಳೋದು ಗೊತ್ತಿದೆ. ಏಳೋದು ನೋಡಬೇಕು.

ನಾನು ಕೈ ಚಾಚಿದೆ.
ಮುಟ್ಟಬೇಡ, ಅಲ್ಲಿ ನೀನಿರೋದಿಲ್ಲ.

ಬೆನ್ನು ಕೊಟ್ಟು ಕುಕ್ಕರಿಸಿದಳು, ಸೀಟಿಗೆ ಸೊಂಟ ಆನಿಸಿ,
ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಕ್ಯಾರಿಯರಿಗೆ,
ಹಿಂದಕ್ಕೊಂದು ಹೆಜ್ಜೆ, ಇನ್ನೊಂದು,
ಅಂಗಾತ ಬಿದ್ದು ಹೊಟ್ಟೆಯುಬ್ಬಿದ ಕುರಿಯನ್ನು ಎಬ್ಬಿಸುವ ಹಾಗೆ,
ಬೈಯದೆ, ಎಳೆದಾಡದೆ.
ಎದ್ದಿತು.
ಇನ್ನೊಂದು ಮಗ್ಗುಲಿಗೂ ಬೀಳಿಸಿ ಎಬ್ಬಿಸಿದಳು.
ಆಮೇಲೆ ಗೀರು ತೋರಿಸಿ
ಬೆಲೆ ಇಳಿಸು ಎಂದು ಕೂತಳು.

ಮೂರು ವಾರಕ್ಕೆ ಮೆಸೇಜು ಬಂತು.
ಎರಡು ಸಲ ಬಿದ್ದೆ, ಎರಡನೆಯದು ಹೊಳೆಯಲ್ಲಿ.
ಲಸಿಕೆ ಬೆಚ್ಚಗಾಗಲಿಲ್ಲ.
ಏರಿನಲ್ಲಿ ಎದುರುಗಾಳಿ ಬಂದರೆ ದಮ್ಮು ಸಾಲದು,
ಮಿನಿಬಸ್ಸಿನವರು ಈಗಲೂ ಹಾರ್ನು ಬಾರಿಸುತ್ತಾರೆ.
ಚೈನಿನ ಕವಚವನ್ನು ತಗಡು ಕತ್ತರಿಸಿ ನಾನೇ ಮಾಡಿಕೊಂಡೆ.

ಒಳ್ಳೇದು, ಎಂದು ಬರೆದೆ.
ಊಟದ ಬಿಡುವಿನಲ್ಲಿ ಗಾಜಿನ ತನಕ ಹೋಗಿಬಂದೆ.
ಕೆಂಪನೆಯದು ಇನ್ನೂ ಅಲ್ಲೇ ಇದೆ.