ನೀರು ಕುಡಿಯದ ಗೋಡೆ

ಆರುನೂರು ಮಲೋಟಿ. ಗೋಡೆಗೆಂದು ಇರುವುದು ಅಷ್ಟೇ.
ಪುಸ್ತಕದ ದುಡ್ಡು ಪುಸ್ತಕಕ್ಕೆ, ಗೋಡೆಯದು ಗೋಡೆಗೆ,
ಎಂದು ಮೊಲೆಫಿ ಮೇಷ್ಟ್ರು ರಸೀದಿಯ ಮೇಲೆ ಬೆರಳಿಟ್ಟರು.
ಮಾಗಿ ಮುಗಿಯುವುದರೊಳಗೆ ಮಸೇರುವಿನಿಂದ ಬರುತ್ತಾರೆ, ನೋಡುವವರು.
ಗೋಡೆ ಬೋಳಾಗಿದ್ದರೆ ಬರೆದುಕೊಳ್ಳುತ್ತಾರೆ.

ಪಟಗಳ ಪಟ್ಟಿ ತರಿಸಿ ಮೇಜಿನ ಮೇಲೆ ಹರಡಿದೆ.
ಕನ್ನಡಕ ಹಾಕಿದ ಸಿಂಹ.
ಎಲೆ ಬಿಡುವಲ್ಲಿ ಪುಸ್ತಕ ಬಿಟ್ಟ ಮರ.
ಸೀಳಿದ ದವಡೆಹಲ್ಲು, ಬೇರು ನರಗಳ ಸಮೇತ
(ಇದು ಯಾಕೆ ಬಂತೋ; ಅಗ್ಗವಂತೂ ಹೌದು).
ಮತ್ತೆ ಸಮುದ್ರ, ಒಂದಿಡೀ ಗೋಡೆಗಾಗುವಷ್ಟು.

ಸಮುದ್ರದ ಕಡೆಗೇ ವಾಲಿತ್ತು ನನ್ನ ಮನಸ್ಸು.
ಸುತ್ತ ಬೆಟ್ಟ, ಬೆಟ್ಟದ ಸುತ್ತ ಬೇರೆಯವರ ದೇಶ,
ಮಕ್ಕಳ ಕಣ್ಣಿಗೆ ಒಂದಿಷ್ಟು ಬಯಲಾಗಲಿ ಎಂದು.
ಐದನೇ ಕ್ಲಾಸಿನ ಲಿಪುವೊ, ಮೂಗಿನ ತನಕ ಕಂಬಳಿ,
ಬಗ್ಗಿ ನೋಡಿ ಕೇಳಿದಳು:
"ಈ ನೀರು ಯಾವ ಕಡೆ ಹರಿಯುತ್ತೆ?"
ಎಲ್ಲಿಗೂ ಇಲ್ಲ, ಅಲ್ಲೇ ಇರುತ್ತೆ, ಅಂದೆ.
"ಮತ್ತೆ ದನ ಎಲ್ಲಿ?"
ಕುಡಿಯೋ ನೀರಲ್ಲ, ಉಪ್ಪು.
ಪಟ್ಟಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು
ಉಪ್ಪು ಹೆಚ್ಚಾದ ತಟ್ಟೆ ಸರಿಸುವ ಹಾಗೆ.

ಆಮೇಲೆ ಎಲ್ಲರಿಗೂ ಒಟ್ಟಿಗೇ ಹೊಳೆದದ್ದು: ಮಾಸೆಫೋರ ಅಜ್ಜಿ.
ಈ ಕಣಿವೆಯ ಅರ್ಧ ಮನೆಗಳಿಗೆ ಅವಳದೇ ಸಾರಣೆ, ಅವಳದೇ ಕಾರಣೆ.
ಕೆಮ್ಮಣ್ಣು, ಸಗಣಿ, ಐದು ಬೆರಳು, ಹಲ್ಲು ಮುರಿದ ಒಂದು ಫೋರ್ಕು.
ಹಸಿಗೋಡೆಯ ಮೇಲೆ ಸಾಲು, ಸಾಲಿಗೆ ಅಡ್ಡಸಾಲು,
ಮಳೆ ತೊಳೆದರೆ ಮತ್ತೆ.
ಅದಕ್ಕೆ ಲಿಟೇಮ ಅನ್ನುತ್ತೇವೆ; ನಮ್ಮ ಮಾತಿನಲ್ಲಿ
ಉಳುಮೆಗೂ ಅದಕ್ಕೂ ಬೇರು ಒಂದೇ.
ಮೇಷ್ಟ್ರು ಆಗಲೇ ವರದಿಗೆ ದೊಡ್ಡ ದೊಡ್ಡ ಮಾತು ಹುಡುಕುತ್ತಿದ್ದರು.

ಅಜ್ಜಿ ಬಂದಳು. ಕೊಡದಲ್ಲಿ ಕೈಯದ್ದಿ
ಗೋಡೆಗೆ ಚಿಮುಕಿಸಿದಳು. ಕಾದಳು.
ಹನಿ ಜಾರಿ ನೆಲಕ್ಕೆ ಬಿತ್ತು,
ದಾರಿಯುದ್ದಕ್ಕೂ ಒಂದು ಗುರುತೂ ಬಿಡದೆ.
"ಸಿಮೆಂಟು. ಅದರ ಮೇಲೆ ಎಣ್ಣೆಬಣ್ಣ.
ಇದಕ್ಕೆ ಬಾಯಾರಿಕೆಯೇ ಇಲ್ಲ ಮಗಳೆ.
ನೀರು ಕುಡಿಯದ ಗೋಡೆ ಮಣ್ಣು ಹಿಡಿಯಲ್ಲ."
ಬಣ್ಣ ಬಳಿದವಳು ನಾನೇ ಎಂಬಂತೆ ನಾಚಿ ನಿಂತೆ.

ಹೊರಟವಳ ಕಂಬಳಿಯ ಅಂಚು
ಬಾಗಿಲ ಹಿಂದೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳಿಗೆ ತಾಕಿತು.
ಯಾವುದೋ ಊರಿನವರು, ಓದಿ ಸಾಕಾದ ಪುಸ್ತಕ ತುಂಬಿ ಕಳಿಸಿದವು.
ಮೇಲಿನದರ ಒಂದು ಮಗ್ಗುಲು
ತಗಡಿನ ಸಂದಿಯಿಂದ ಕರಗಿ ಸೋರಿದ ಹಿಮಕ್ಕೆ ನೆನೆದು
ಸಿಪ್ಪೆ ಸುಲಿದಿತ್ತು. ಒಳಗೆ
ಸಾಲು. ನೆಟ್ಟಗೆ, ಒತ್ತೊತ್ತಾಗಿ,
ಬಿತ್ತನೆಗೆ ಕಾದ ಹೊಲ.
ಅಜ್ಜಿ ಬಗ್ಗಿ ಬೆರಳಾಡಿಸಿದಳು.
"ಇದನ್ನ ಉತ್ತವರು ಯಾರು?"

ಯಾರೂ ಅಲ್ಲ, ರಟ್ಟು ಇರೋದೇ ಹಾಗೆ, ಅಂದರು ಮೇಷ್ಟ್ರು.
ಅವಳು ನಂಬಲಿಲ್ಲ.

ಮೂರು ಸಂಜೆ. ಪೆಟ್ಟಿಗೆ ಬಿಚ್ಚಿ, ಚೌಕ ಕತ್ತರಿಸಿ,
ಬೆರಳು ನೆನೆಸಿಕೊಂಡು ಮೇಲುಪದರ ಸುಲಿದೆವು,
ಇಲ್ಲಿ ದಳ, ಅಲ್ಲಿ ಓರೆಗೆರೆ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು.
ಬಿಡುವುದೇ ಕಷ್ಟ; ಉಗುರು ನಿಲ್ಲುವುದಿಲ್ಲ.
ಲಿಪುವೊಳ ಚೌಕ ಆಚೆ ಬದಿಗೇ ತೂತಾಯಿತು.
"ಇಲಿಬಿಲ," ಎಂದು ಅಜ್ಜಿ ಅದನ್ನೂ ಸಾಲಿಗೆ ಸೇರಿಸಿದಳು.
ಹಿಟ್ಟಿನ ಅಂಟು, ಮೊಳೆ, ಎಲ್ಲ ಸೇರಿ ಎಪ್ಪತ್ತು ಮಲೋಟಿ.
ಮಿಕ್ಕದ್ದನ್ನು ಯಾವ ಕಲಮಿಗೆ ಹಾಕುವುದೆಂದು
ಮೇಷ್ಟ್ರಿಗೆ ಇವತ್ತಿಗೂ ಹೊಳೆದಿಲ್ಲ.

ಬಂದವರು ನೋಡಿದರು. ಚೌಕಟ್ಟು ಇಲ್ಲವೇ, ಎಂದರು.
'ತಾತ್ಕಾಲಿಕ' ಎಂದು ಬರೆದುಕೊಂಡು ಚಹಾ ಕುಡಿದು ಹೋದರು.

ಒಂದು ಚೌಕದಲ್ಲಿ ಅಚ್ಚು ಹಾಗೇ ಉಳಿದಿದೆ:
'ಈ ಬದಿ ಮೇಲಕ್ಕೆ', ಪಕ್ಕದಲ್ಲೊಂದು ಬಾಣ.
ಓದು ಬಾರದ ಅಜ್ಜಿ ಅದನ್ನು ತಲೆಕೆಳಗಾಗಿ ಹೊಡೆದಳು.
ತಿರುಗಿಸಲು ನಾನು ಎರಡು ಸಲ ಸ್ಟೂಲು ಹತ್ತಿದ್ದೆ.
ಬಾಣದ ತುದಿ ನೆಲಕ್ಕೆ,
ಅಲ್ಲಿ ಲಿಪುವೊ, ಕಂಬಳಿಯೊಳಗೆ ಮೊಣಕಾಲು ಮಡಚಿ,
ಪುಟ ತಿರುವುತ್ತ.
ಎರಡು ಸಲವೂ ಇಳಿದು ಬಂದೆ.