ಉಡದ ಪಟ್ಟಿ

ಖಂಡಪ್ಪ ಮೇತ್ರೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ.
ಬೀದರಿನ ಅರಣ್ಯ ಕಚೇರಿಯಲ್ಲಿ ಕರೆಂಟಿರಲಿಲ್ಲ.
ಹಣೆಗೆ ಭಂಡಾರ, ಬಗಲಲ್ಲಿ ಬಟ್ಟೆ ಸುತ್ತಿದ ದಿಮ್ಮಡಿ.
"ಬಾಯಾರ, ಪರದೇಶಕ್ಕ ಕರದಾರ, ಬಾರಸಾಕ.
ಇದನ್ನ ಒಯ್ಯಾಕ ಚೀಟಿ ಬೇಕಂತ."

ಬಿಚ್ಚಿದೆ. ರೊಟ್ಟಿಯಷ್ಟಗಲ,
ಕಟ್ಟಿಗೆಯ ಬಳೆಗೆ ಬಿಗಿದ ತೊಗಲು.
ಅಂಚಿನಲ್ಲಿ ಇನ್ನೂ ಕಾಣುವ ಹುರುಪೆಯ ಸಾಲು,
ನಡುವೆ ಮೂರು ತಲೆಮಾರಿನ ಬೆರಳು ಸವೆಸಿದ ಬೋಳು.
ಉಡ.

ನನ್ನ ಮೇಜಿನ ಪುಸ್ತಕದಲ್ಲಿ ಅದು ಒಂದನೇ ಪಟ್ಟಿ:
ಮಾರುವ ಮಾತೇ ಇಲ್ಲ, ಗಡಿ ದಾಟಲು ನೂರು ಮೊಹರು.
ಎರಡನೆಯದಾದರೆ ಚೀಟಿ ಸಿಕ್ಕೀತು.
ಪಟ್ಟಿಯಲ್ಲೇ ಇಲ್ಲದ್ದರ ಸುದ್ದಿ ಯಾರಿಗೆ ಬೇಕು?
'ವರಾನಸ್ ಬೆಂಗಾಲೆನ್ಸಿಸ್' ಎಂದು ಓದಿ ಹೇಳಿದೆ.
"ಬಂಗಾಲದ್ದಲ್ರಿ," ಅಂದ, "ನಮ್ಮ ಭಾಲ್ಕಿ ಹೊಲದ್ದು.
ಯಾರು ಬರದಾರ ಈ ಪಟ್ಟಿ?"

ದೇಶದೇಶದವರು, ಎರಡು ಮೂರು ವರ್ಷಕ್ಕೊಮ್ಮೆ,
ದೊಡ್ಡ ಹಾಲಿನಲ್ಲಿ. ಮುಂದೆ ಹೆಸರಿನ ಫಲಕ, ನೀರಿನ ಬಾಟಲಿ.
ಕೈ ಎತ್ತುತ್ತಾರೆ, ಗುಂಡಿ ಒತ್ತುತ್ತಾರೆ,
ಮೂರರಲ್ಲಿ ಎರಡು ಪಾಲು ಹೂಂ ಅಂದರೆ ಜೀವ ಪಟ್ಟಿಗೆ ಬಂತು.
ಆನೆಗೆ ಎರಡು ದಿನ ಜಗಳ.
ಊಟದ ಮೇಲಿನ ತೂಕಡಿಕೆಯಲ್ಲಿ
ಒಂದು ಕಪ್ಪೆ ಗೆದ್ದೀತು, ಒಂದು ಮೀನು ಸೋತೀತು.
ನಾನು ಕಂಡವಳಲ್ಲ. ಬರುವ ಸುತ್ತೋಲೆಗಳ ಹಿಂದೆ
ಹೀಗೊಂದು ಹಾಲನ್ನು ಕಟ್ಟಿಕೊಂಡಿದ್ದೇನೆ.

"ಕೈ ಎತ್ತಿದವರು ಉಡ ನೋಡ್ಯಾರೇನ್ರಿ?"
ಗೊತ್ತಿಲ್ಲ ಅಂದೆ.
ಖಂಡಪ್ಪ ನಕ್ಕ. "ನಮ್ಮ ಮಂದೀನ ಪಟ್ಟಿಗಿ ಸೇರಸ್ರಿ ಅಂತ
ಅಪ್ಪ ಅರ್ಜಿ ಕೊಟ್ಟ, ನಾ ಕೊಟ್ಟೆ, ಮಗ ಧರಣಿ ಕುಂತ.
ಫೈಲು ದಿಲ್ಲ್ಯಾಗ ಅದ ಅಂತಾರ.
ಇದಕ್ಕ ಯಾವ ಎಂಎಲ್ಎ ಹೇಳಿದ್ದ?"

ಫಾರಮ್ಮಿನಲ್ಲಿ ಒಂದು ಕಿಂಡಿ ಇತ್ತು:
ಒಪ್ಪಂದಕ್ಕಿಂತ ಮೊದಲೇ ಸತ್ತ ಪ್ರಾಣಿಯ ತೊಗಲಿಗೆ ರಿಯಾಯಿತಿ.
ಸತ್ತ ದಿನ, ತಿಂಗಳು, ವರ್ಷ.

"ಮುತ್ಯಾ ಹೊಡದದ್ದು. ಎಪ್ಪತ್ತೆರಡರ ಬರ,
ಬಾವಿ ತಳ ಕಂಡಿತ್ತು, ಸರ್ಕಾರದ ಕೆಂಪು ಜ್ವಾಳ ತಿಂತಿದ್ರು.
ಅವ್ವ ನನ್ನ ಹೊಟ್ಟ್ಯಾಗ ಇಟಗೊಂಡಿದ್ಲು."
ತಾರೀಖು?
ಆಧಾರ್ ಕಾರ್ಡು ತೆಗೆದು ಮುಂದಿಟ್ಟ. ಜೂನ್ ಒಂದು.
ನನ್ನದೂ ಜೂನ್ ಒಂದು. ಸಾಹೇಬರ ಡ್ರೈವರನದೂ.
ಹೆಡ್ ಮಾಸ್ತರರು ಹಾಜರಿ ತೆರೆದ ದಿನ
ಈ ಜಿಲ್ಲೆಯಲ್ಲಿ ಹುಟ್ಟದೆ ಉಳಿದವರು ಯಾರು?

ಉಡಕ್ಕೂ ಅದನ್ನೇ ಬರೆದೆ.

ಸಾಹೇಬರು ಕನ್ನಡಕ ಏರಿಸಿ ಗೆರೆ ಎಳೆದರು. ಪುರಾವೆ ಎಲ್ಲಿ?
ಅವರದೇನು ತಪ್ಪು. ಹೋದ ವಾರವೇ
ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಚೀಲ ಸಿಕ್ಕಿತ್ತು.
ಗಂಡು ಉಡಗಳಿಂದ ಕೊಯ್ದು ಒಣಗಿಸಿದ ಅಂಗ,
ತಿಜೋರಿಯಲ್ಲಿಟ್ಟರೆ ದುಡ್ಡು ತರುವ ಬೇರು ಎಂಬ ಹೆಸರಲ್ಲಿ.
ನಾನೇ ಎಣಿಸಿದೆ. ಇನ್ನೂರ ಹನ್ನೊಂದು.
ಎಣಿಸಿದ ಕೈ ಮೂರು ದಿನ ಅನ್ನ ಕಲಸಲು ಒಲ್ಲೆ ಅಂತು.
ಕೇಳಿದರೆ ಅವರೂ ಅಂದಾರು, ಮುತ್ಯಾನ ಕಾಲದವು ಅಂತ.

ಖಂಡಪ್ಪನಿಗೆ ಇದನ್ನೂ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದ.
"ಕುರಿ ಯಾವ ಪಟ್ಟ್ಯಾಗ ಅದ?"
ಯಾವುದರಲ್ಲೂ ಇಲ್ಲ.
"ಹಂಗಾದ್ರ ಕುರಿ ತೊಗಲು ಬಿಗೀತೀನಿ.
ದನಿ ಮಂದ ಬರ್ತದ. ಅಲ್ಲಿ ಯಾರಿಗಿ ತಿಳೀತದ."
ಎದ್ದ. ಹೊಸ್ತಿಲಲ್ಲಿ ತಿರುಗಿ,
"ಮೈಲಾರಗ ತಿಳೀತದ," ಅಂದ.

ಹಳೆಯದನ್ನು ಮತ್ತೆ ಸುತ್ತಿ ಬಗಲಿಗಿಟ್ಟುಕೊಂಡೇ ಹೋದ.
ನಾನು ಜಪ್ತಿ ಪುಸ್ತಕ ತೆರೆಯಲಿಲ್ಲ.
ಯಾರೂ ಕೇಳಲಿಲ್ಲ.

ಸಂಜೆ ಕೋಟೆಯ ಕಂದಕದ ಹಾದಿಯಲ್ಲಿ ಮನೆಗೆ ಹೊರಟೆ.
ಕೆಂಪು ಕಲ್ಲಿನ ಗೋಡೆಯ ಮೇಲೆ ಅದು,
ಅರ್ಧ ಬಿರುಕಿನೊಳಗೆ, ಅರ್ಧ ಇಳಿಬಿಸಿಲಲ್ಲಿ.
ಉಗುರು ಕಲ್ಲಿಗೆ ನೆಟ್ಟಿತ್ತು,
ಉಡದ ಪಟ್ಟು ಅನ್ನುತ್ತಾರಲ್ಲ, ಹಾಗೆ.
ಸೀಳು ನಾಲಿಗೆ ಚಾಚಿ ಗಾಳಿಯಲ್ಲಿ ಏನನ್ನೋ ಓದಿ
ಒಳಗೆಳೆದುಕೊಂಡಿತು.

ಕೆಳಗೆ ಒಬ್ಬ ಹುಡುಗ ಕಲ್ಲು ಎತ್ತಿದ.

ನಾನು ಕೈ ಎತ್ತಿದೆ.