ಬೂದು ಎಳೆ

ಕೈ ತೊಳೆದೆ, ಮೊಣಕೈವರೆಗೆ, ಬೆರಳ ಸಂದಿಗೂ ಸೋಪು.
ಅಡುಗೆಮನೆಯ ಕಿಟಕಿಯಾಚೆ ಗ್ರಿಮ್ಸ್‌ಬಿಯ ಮೀನುಕಟ್ಟೆ,
ಅರ್ಧ ಮಂಜು, ಅರ್ಧ ಕಡಲಹಕ್ಕಿ.

"ಬೆಕ್ಕನ್ನು ಹೊರಗೆ ಹಾಕಿದ್ದೇನೆ ಸಿಸ್ಟರ್," ಅಂದರು ಎನಿಡ್,
ಮಗು ಮಗ್ಗಿ ಒಪ್ಪಿಸುವ ಹಾಗೆ.

ಚರ್ಮ ಒತ್ತಿ ಹಿಡಿದು, ಒಂದು ತುದಿಯಿಂದ
ಎದೆಯ ಪಟ್ಟಿ ಮೆಲ್ಲಗೆ ಬಿಡಿಸಿದೆ.
ಗಂಟಲ ಕುಳಿಯಿಂದ ಕೆಳಗೆ ಗೇಣುದ್ದದ ಗೀಟು.
ಕೆಂಪಿಲ್ಲ, ಬಿಸಿಯಿಲ್ಲ.
ಕೆಳತುದಿಯಲ್ಲಿ ಮಾತ್ರ, ಮೊಲೆಗಳ ನಡುವೆ ಬೆವರು ನಿಲ್ಲುವಲ್ಲಿ,
ಅಂಟಿಕೊಂಡಿತ್ತು ಬೂದು ಉಣ್ಣೆಯ ಒಂದೆಳೆ.

"ಇದೆಲ್ಲಿಂದ?"
ಎನಿಡ್ ದಿಂಬನ್ನು ಎದೆಗವಚಿಕೊಂಡರು.
ಕೆಮ್ಮು ಬಂದಾಗ ಹಿಡಿಯಲೆಂದು ಕೊಟ್ಟ ದಿಂಬು ಅದು.
ರಾತ್ರಿ ತೊಡುವುದು ಗಂಡನ ಸ್ವೆಟರು.
ನಲವತ್ತು ವರ್ಷ ಹ್ಯಾಡಕ್ ಮೀನಿಗೆ ಹೊಗೆ ಹಾಕಿದವರು;
ತೀರಿಕೊಂಡು ಆರು ವರ್ಷ. ಅದಕ್ಕೆ ನೀರು ತೋರಿಸಿಲ್ಲ.

ನಂಜಿನ ಬಗ್ಗೆ ಹೇಳಬೇಕಾದ್ದನ್ನು ಹೇಳಿದೆ.
ಸೀಳಿದ ಮೂಳೆ, ಅದನ್ನು ಬಿಗಿದ ತಂತಿ,
ಕೀವು ಒಳಗಿಳಿದರೆ ಮತ್ತೆ ತೆರೆಯಬೇಕಾದ ಎದೆ.
ಅವರು ವಾದಿಸಲಿಲ್ಲ.

ಶುಕ್ರವಾರ ಹೋದಾಗ ಹಿತ್ತಿಲ ಹಗ್ಗದ ಮೇಲೆ ಸ್ವೆಟರು,
ಕಡಲಗಾಳಿಗೆ ಎರಡೂ ತೋಳು ಚಾಚಿ.
ಪಕ್ಕದ ಮನೆ ಹುಡುಗ ಒಣಹಾಕಿದನಂತೆ,
ಎನಿಡ್ ತೋಳೆತ್ತುವಂತಿಲ್ಲ ಇನ್ನೂ.

ಬಿಡಿಸಿದ ಪಟ್ಟಿಯನ್ನು ಮೂಗಿನ ಬಳಿ ಹಿಡಿದೆ, ಅದು ನನ್ನ ಕಸುಬು.
"ವಾಸನೆ ಏನೂ ಇಲ್ಲ. ಮಾಯುತ್ತಿದೆ," ಅಂದೆ ಖುಷಿಯಿಂದ.

"ಹೌದು," ಅಂದರು ಕಿಟಕಿಯಾಚೆ ನೋಡುತ್ತ,
"ಏನೂ ಇಲ್ಲ."